ಭಾರಕ್ಕೆ ದಾರಿ ಬೇಕು

(ಸಂಘದ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸಾಹಿತ್ಯ, ಯಕ್ಷಗಾನ, ಗಡಿಯ ಪ್ರಶ್ನೆ, ಹೊರನಾಡಿನ ಕನ್ನಡ ಶಾಲೆಗಳ ಅಳಿವು ಉಳಿವು ಇವು ನಮ್ಮ ಸಂಘಗಳ ವೇದಿಕೆಗೆ ಒಗ್ಗಿಹೋದ ವಿಷಯಗಳು. ಇಂಥ ವೇದಿಕೆಯ ಮೇಲೆ ಕಂಬ, ತೊಲೆ, ತಳಪಾಯಗಳ ವಿಚಾರವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಆಶ್ಚರ್ಯವಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಊರು ಬಿಟ್ಟು ಬಂದ ನಮ್ಮವರು ಈ ಮಹಾನಗರದಲ್ಲಿ ಒಂದು ಜೀವಮಾನ ದುಡಿದು ಗಳಿಸಿದ್ದೇನೆಂದು ಕೇಳಿದರೆ, ಹೆಚ್ಚಿನವರ ಉತ್ತರ ಒಂದೇ: ಒಂದು ಮನೆ. ಪರೇಲಿನ ಚಾಳಿನಲ್ಲಿ ಒಂದು ಖೋಲಿ, ಘಾಟ್ಕೋಪರ್‌ನಲ್ಲಿ ಎರಡು ಕೋಣೆ, ಡೊಂಬಿವಲಿಯಲ್ಲಿ ಒಂದು ಫ್ಲ್ಯಾಟ್. ಆ ಮನೆಯ ಚದರಡಿಯ ಬೆಲೆ ನಮಗೆಲ್ಲ ಬಾಯಿಪಾಠವಾಗಿದೆ. ಅದು ಯಾವ ಆಧಾರದಿಂದ ನಿಂತಿದೆ ಎಂಬುದನ್ನು ಕೇಳಿ ತಿಳಿದವರು ಕಡಿಮೆ. ಕಟ್ಟಡಗಳ ಇಂಜಿನಿಯರನಾಗಿ ಈ ನಗರದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾಗಿರುವ ನಾನು, ಅದನ್ನು ನಮ್ಮ ಭಾಷೆಯಲ್ಲಿಯೇ ಹೇಳಬಹುದೆ ಎಂದು ಪ್ರಯತ್ನಿಸುತ್ತೇನೆ.

ಕಟ್ಟಡವೊಂದು ಅಲುಗದೆ ನಿಂತಿದೆ ಎಂದರೆ ಅದರ ಮೇಲೆ ಯಾವ ಬಲವೂ ಇಲ್ಲವೆಂದು ಅರ್ಥವಲ್ಲ. ಪ್ರತಿಯೊಂದು ಬಲಕ್ಕೂ ಸರಿಸಮನಾದ ಎದುರುಬಲವೊಂದು ದೊರೆತಿದೆ ಎಂದು ಅರ್ಥ. ನೀವು ಈಗ ಕುಳಿತಿರುವ ಕುರ್ಚಿಯ ಭಾರ ನೆಲಹಾಸಿಗೆ, ನೆಲಹಾಸಿನದು ತೊಲೆಗೆ, ತೊಲೆಯದು ಕಂಬಕ್ಕೆ, ಕಂಬದ್ದು ತಳಪಾಯಕ್ಕೆ, ಕೊನೆಗೆ ಎಲ್ಲವೂ ಭೂಮಿಗೆ ಹೋಗಿ ಸೇರುತ್ತದೆ. ಭಾರವೆಂಬುದು ನಡುವೆ ಎಲ್ಲಿಯೂ ಕರಗಿ ಮಾಯವಾಗುವ ವಸ್ತುವಲ್ಲ. ಅದು ನಡೆಯುವ ಒಂದು ದಾರಿಯನ್ನು ನಾವು ಮುಚ್ಚಿದರೆ ಅದು ಇನ್ನೊಂದು ದಾರಿಯನ್ನು ಹಿಡಿಯುತ್ತದೆ. ಆ ಇನ್ನೊಂದು ದಾರಿ ಅಷ್ಟು ಭಾರಕ್ಕೆಂದು ಕಟ್ಟಿದ್ದಲ್ಲವಾದರೆ ಅದನ್ನು ಮುರಿದು ಹೋಗುತ್ತದೆ. ಇಂದು ನಾನು ಹೇಳಲಿರುವ ಮಾತೆಲ್ಲ ಇದರ ವಿಸ್ತರಣೆ.

ಈ ಭಾರಗಳಲ್ಲಿ ಮೊದಲನೆಯದು ಕಟ್ಟಡದ ಸ್ವಂತ ತೂಕ. ಒಂದು ಘನ ಮೀಟರ್ ಕಾಂಕ್ರೀಟು ಸುಮಾರು 2,500 ಕಿಲೊ ತೂಗುತ್ತದೆ. 12 ಸೆಂಟಿಮೀಟರ್ ದಪ್ಪದ ಸ್ಲ್ಯಾಬು ಪ್ರತಿ ಚದರ ಮೀಟರಿಗೆ 300 ಕಿಲೊ. ಈ ಭಾರ ಹಗಲಿರುಳು ಇದ್ದೇ ಇರುತ್ತದೆ. ಎರಡನೆಯದು ಬಂದುಹೋಗುವ ಭಾರ, ಎಂದರೆ ನಾವು, ನಮ್ಮ ಕಪಾಟು, ಮಂಚ, ನೆಂಟರಿಷ್ಟರು. ವಾಸದ ಕೋಣೆಗೆ ಇದನ್ನು ಚದರ ಮೀಟರಿಗೆ ಸುಮಾರು 200 ಕಿಲೊ ಎಂದು ಭಾರತೀಯ ಮಾನಕ ಸಂಹಿತೆಯು ನಿಗದಿಪಡಿಸಿದೆ. ಜನ ಗುಂಪುಗೂಡುವ, ಸ್ಥಿರ ಆಸನಗಳಿಲ್ಲದ ಸಭಾಂಗಣಕ್ಕೆ ಸುಮಾರು 500 ಕಿಲೊ. ಇವೆರಡೂ ಮೇಲಿನಿಂದ ಕೆಳಕ್ಕೆ ಒತ್ತುವ ಭಾರಗಳು. ಇವಲ್ಲದೆ ಪಕ್ಕದಿಂದ ನೂಕುವ ಬಲಗಳಿವೆ: ಗಾಳಿ, ಭೂಕಂಪ, ನಿಂತ ನೀರು, ಗೋಡೆಯ ಹಿಂದಿನ ಮಣ್ಣು.

ಇನ್ನೊಂದು ವ್ಯತ್ಯಾಸವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಟ್ಟಿತನ ಬೇರೆ, ಸ್ಥಿರತೆ ಬೇರೆ. ಕಬ್ಬಿಣದ ಕಪಾಟು ಗಟ್ಟಿಯಾದದ್ದೇ. ಆದರೆ ತುಂಬಿದ ಮೇಲಿನ ಅರೆಯನ್ನು ಮಗುವೊಂದು ಹಿಡಿದು ಜೋತುಬಿದ್ದರೆ ಅದು ಮುರಿಯದೆಯೇ ಮಗುಚಿಕೊಳ್ಳುತ್ತದೆ. ನಮ್ಮ ಕನ್ನಂಬಾಡಿ ಕಟ್ಟೆಯನ್ನು ನೆನೆಯಿರಿ. ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ 1884ರಲ್ಲಿ ಸೇವೆಗೆ ಸೇರಿ, ಪುಣೆಯ ಬಳಿಯ ಖಡಕ್‌ವಾಸಲಾದಲ್ಲಿ 1903ರಲ್ಲಿ ಸ್ವಯಂಚಾಲಿತ ತೂಬುಗಳನ್ನು ಅಳವಡಿಸಿದ ವಿಶ್ವೇಶ್ವರಯ್ಯನವರು ಮುಂದೆ ಮೈಸೂರಿನಲ್ಲಿ ಕೈಗೊಂಡ ಕಾರ್ಯವದು. ಪ್ರತಿ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ನಾವು ಓದುವ 124.80 ಅಡಿಯ ಪೂರ್ಣ ಮಟ್ಟಕ್ಕೆ ನೀರು ಬಂದಾಗ, ಅಡಿಯಲ್ಲಿ ಅದರ ಒತ್ತಡ ಚದರ ಮೀಟರಿಗೆ ಸುಮಾರು 38 ಟನ್. ಆ ಅಣೆಕಟ್ಟು ಮುರಿಯದೆ ಇದ್ದರೆ ಸಾಲದು. ಜಾರಕೂಡದು, ಮಗುಚಲೂ ಕೂಡದು. ಅದನ್ನು ತಡೆದಿರುವುದು ಅದರ ಸ್ವಂತ ತೂಕ ಮತ್ತು ಬುಡದ ಅಗಲ. ಹಾಗಾಗಿ ತೂಕವು ಎಲ್ಲೆಡೆಯೂ ಶತ್ರುವಲ್ಲ. ಅದು ಎಲ್ಲಿ ಕುಳಿತಿದೆ, ಎತ್ತ ಹೋಗುತ್ತಿದೆ ಎಂಬುದೇ ಪ್ರಶ್ನೆ.

ಇದನ್ನು ನಮ್ಮ ಹಿರಿಯರು ಕೈಕೆಲಸದಿಂದಲೇ ಅರಿತಿದ್ದರು. ಕಲ್ಲು ಎಷ್ಟು ಒತ್ತಿದರೂ ತಾಳುತ್ತದೆ. ಆದರೆ ಎಳೆತವನ್ನು ತಾಳದು. ತೊಲೆಯಾಗಿ ಮಲಗಿಸಿದ ಕಲ್ಲು ಬಾಗಿದಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ, ಬಿರುಕು ಅಲ್ಲಿಂದಲೇ ಏಳುತ್ತದೆ. ಆದ್ದರಿಂದ ಕಲ್ಲಿನ ತೊಲೆ ಗಿಡ್ಡವಾಗಿರಬೇಕು, ಕಂಬಗಳು ಒತ್ತೊತ್ತಾಗಿರಬೇಕು. 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ನಾವು ಬೆರಗಿನಿಂದ ನೋಡುವ ಕಂಬಗಳ ಸಾಲಿಗೆ ಸೌಂದರ್ಯದೊಡನೆ ಈ ಕಾರಣವೂ ಇದೆ.

ಕಂಬಗಳಿಲ್ಲದ ವಿಶಾಲವಾದ ಒಳಾಂಗಣ ಬೇಕಾದಾಗ ಕಲ್ಲನ್ನು ಕಮಾನಾಗಿಯೋ ಗುಮ್ಮಟವಾಗಿಯೋ ಜೋಡಿಸಬೇಕು. ಆಗ ಕಲ್ಲುಕಲ್ಲುಗಳು ಪರಸ್ಪರ ಒತ್ತಿಕೊಂಡೇ ನಿಲ್ಲುತ್ತವೆ. ಆದರೆ ಗುಮ್ಮಟಕ್ಕೆ ತನ್ನ ಬುಡವನ್ನು ಹೊರಕ್ಕೆ ತಳ್ಳುವ ಸ್ವಭಾವವಿದೆ. 1656ರಲ್ಲಿ ಗತಿಸಿದ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಷ್ಟು ದೊಡ್ಡ ಗುಮ್ಮಟವನ್ನು ಹೊತ್ತಿರುವುದು ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳು. ಅವುಗಳ ನಡುವಿನ ಕಟ್ಟಡಭಾಗವು ಒಳಕ್ಕೆ ಚಾಚಿಕೊಂಡಿದ್ದು, ತನ್ನ ತೂಕದಿಂದ ಒಳಕ್ಕೆ ಎಳೆಯುತ್ತದೆ; ಗುಮ್ಮಟ ಹೊರಕ್ಕೆ ತಳ್ಳುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ಮೂರೂವರೆ ಶತಮಾನಗಳಿಗಿಂತ ಹೆಚ್ಚು ಕಾಲದಿಂದ ಆ ಲೆಕ್ಕ ತಪ್ಪಿಲ್ಲ. ಅಲ್ಲಿ ಪಿಸುಮಾತಿನ ಪ್ರತಿಧ್ವನಿಯನ್ನು ಕೇಳಿ ಮರಳುವ ಪ್ರವಾಸಿ, ಆ ತಳ್ಳಾಟದ ಸಮತೋಲವನ್ನೂ ಒಂದು ಕ್ಷಣ ತಲೆಯೆತ್ತಿ ನೋಡಬೇಕು.

ಇನ್ನು ಮುಂಬಯಿಗೆ ಬರೋಣ. ಈ ನಗರದ ಹಳೆಯ ಚಾಳುಗಳಲ್ಲಿ ಹೆಚ್ಚಿನವು ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳಿಂದ ಆದವು. ಅಲ್ಲಿ ಗೋಡೆಯೇ ಭಾರ ಹೊರುತ್ತದೆ. ಕಾಲಾಘೋಡಾದ ವಾಟ್ಸನ್ ಹೋಟೆಲಿನಂಥ ಕಟ್ಟಡದ ಎರಕದ ಕಬ್ಬಿಣದ ಚೌಕಟ್ಟು 1860ರ ದಶಕದಲ್ಲಿ ಇಂಗ್ಲೆಂಡಿನಿಂದಲೇ ಬಂತು. 1920ರ ದಶಕದಲ್ಲಿ ವರ್ಳಿ, ನಾಯಗಾಂವ್, ಡಿಲೈಲ್ ರೋಡ್ ಮತ್ತು ಶಿವಡಿಗಳಲ್ಲಿ ಎದ್ದ ಬಿ.ಡಿ.ಡಿ. ಚಾಳುಗಳ 207 ಕಟ್ಟಡಗಳು ಕಾಂಕ್ರೀಟಿನವು. ಸ್ವಾತಂತ್ರ್ಯಾನಂತರ ಉಪನಗರಗಳೆಲ್ಲ ಕಾಂಕ್ರೀಟುಮಯವಾದವು. ಕಾಂಕ್ರೀಟೂ ಕಲ್ಲಿನ ಕುಲದ್ದೇ. ಒತ್ತುವಿಕೆಗೆ ಗಟ್ಟಿ, ಎಳೆತಕ್ಕೆ ಅದರ ಸುಮಾರು ಹತ್ತರಲ್ಲೊಂದು ಪಾಲಿನ ಶಕ್ತಿ ಮಾತ್ರ. ಆದ್ದರಿಂದಲೇ ಎಳೆತ ಬೀಳುವ ಕಡೆಯಲ್ಲಿ ಉಕ್ಕಿನ ಸರಳುಗಳನ್ನು ಹುದುಗಿಸುತ್ತಾರೆ. ಎಲ್ಲಿ ಎಳೆತ ಬೀಳುತ್ತದೆ ಎಂಬುದನ್ನು ಇಂಜಿನಿಯರನು ಮೊದಲೇ ಲೆಕ್ಕಹಾಕಿರುತ್ತಾನೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಏಕೆಂದರೆ ಅನೇಕ ಅನಾಹುತಗಳ ಮೂಲ ಇಲ್ಲಿದೆ.

ಮೂರು ಕಂಬಗಳ ಮೇಲೆ ಒಂದು ಉದ್ದನೆಯ ತೊಲೆ ಇದೆಯೆಂದುಕೊಳ್ಳಿ. ಎರಡು ಕಂಬಗಳ ನಡುವೆ ಅದು ಕೆಳಕ್ಕೆ ಬಾಗುತ್ತದೆ. ಹಿಗ್ಗುವುದು ಕೆಳಭಾಗವಾದ್ದರಿಂದ ಅಲ್ಲಿ ಸರಳುಗಳು ಕೆಳಗಿರುತ್ತವೆ. ನಡುಗಂಬದ ನೆತ್ತಿಯ ಮೇಲೆ ಬಾಗು ತಿರುಗುಮುರುಗಾಗುತ್ತದೆ. ಹಿಗ್ಗುವುದು ಮೇಲ್ಭಾಗ, ಹಾಗಾಗಿ ಅಲ್ಲಿ ಮುಖ್ಯ ಸರಳುಗಳು ಮೇಲಿರುತ್ತವೆ. ಈಗ ಅಂಗಡಿಯ ಮುಂಭಾಗ ವಿಶಾಲವಾಗಿ ಕಾಣಲೆಂದು ಯಾರೋ ಆ ನಡುಗಂಬವನ್ನು ತೆಗೆದರು. ತೊಲೆಯ ಆಧಾರಗಳ ನಡುವಿನ ಅಂತರ ಇಮ್ಮಡಿಯಾಯಿತು. ಅಂತರ ಇಮ್ಮಡಿಯಾದರೆ ಬಾಗಿಸುವ ಪರಿಣಾಮ ಇಮ್ಮಡಿಯಲ್ಲ, ನಾಲ್ಮಡಿ. ಅದಕ್ಕಿಂತಲೂ ಕೇಡಿನ ಸಂಗತಿಯೆಂದರೆ, ಈವರೆಗೆ ಮೇಲ್ಭಾಗ ಹಿಗ್ಗುತ್ತಿದ್ದ ಜಾಗದಲ್ಲಿ ಈಗ ಕೆಳಭಾಗ ಹಿಗ್ಗುತ್ತದೆ. ಅಲ್ಲಿ ಬೇಕಾದಷ್ಟು ಸರಳುಗಳೇ ಇಲ್ಲ. ಇದರೊಡನೆ ಆ ಕಂಬ ಹೊರುತ್ತಿದ್ದ ಮೇಲಿನ ಮಹಡಿಗಳ ಭಾರವೆಲ್ಲ ನೆರೆಯ ಕಂಬಗಳ ಮೇಲೆ ಬೀಳುತ್ತದೆ. ಒಂದು ಕಂಬವನ್ನು ತೆಗೆದವನು ತನ್ನ ಅಂಗಡಿಯನ್ನಷ್ಟೇ ಬದಲಿಸಿದೆನೆಂದು ತಿಳಿದಿರುತ್ತಾನೆ. ಅವನು ಮುಟ್ಟಿದ್ದು ಇಡೀ ಕಟ್ಟಡವನ್ನು.

2017ರ ಜುಲೈ 25ರಂದು ಘಾಟ್ಕೋಪರ್ ಪಶ್ಚಿಮದ ದಾಮೋದರ್ ಪಾರ್ಕಿನಲ್ಲಿ ಸಿದ್ಧಿ ಸಾಯಿ ಕಟ್ಟಡ ಕುಸಿದು 17 ಮಂದಿ ಮಡಿದರು. ನೆಲಮಹಡಿಯಲ್ಲಿ ನಡೆಯುತ್ತಿದ್ದ ನವೀಕರಣದ ವೇಳೆ ಕಂಬಗಳನ್ನು ಕೆಡಿಸಲಾಯಿತೆಂಬುದು ಆಗ ಕೇಳಿಬಂದ ಆರೋಪ. ಅದಕ್ಕೆ ನಾಲ್ಕು ವರ್ಷ ಮೊದಲು, 2013ರ ಸೆಪ್ಟೆಂಬರ್ 27ರಂದು, ಮಜಗಾಂವಿನ ಬಾಬು ಗೇನು ಮಾರ್ಕೆಟ್ ಕಟ್ಟಡ ಬೆಳಗಿನ ಹೊತ್ತು ನೆಲಕ್ಕಿಳಿದಾಗ ಸತ್ತವರು 61 ಮಂದಿ. ಅಲ್ಲಿಯೂ ನೆಲಮಹಡಿಯಲ್ಲಿ ಮಾಡಿದ ಬದಲಾವಣೆಗಳ ಮೇಲೆಯೇ ಬೆರಳು ತೋರಿತು. ಅದೇ ವರ್ಷದ ಏಪ್ರಿಲ್ 4ರಂದು ಮುಂಬ್ರಾದ ಶೀಳ್‌ಫಾಟಾದಲ್ಲಿ ಇನ್ನೂ ಕಟ್ಟುತ್ತಿದ್ದ ಅಕ್ರಮ ಕಟ್ಟಡವೊಂದು ಕುಸಿದು 74 ಮಂದಿ ಸತ್ತಿದ್ದರು. ಕಾಂಕ್ರೀಟು ತನ್ನ ಲೆಕ್ಕದ ಶಕ್ತಿಯನ್ನು ಪಡೆಯಲು 28 ದಿನಗಳು ಬೇಕು. ಮೊದಲ ವಾರಗಳಲ್ಲಿ ಅದಕ್ಕೆ ಆಸರೆಯೂ ನೀರೂ ಬೇಕು. ಆತುರಕ್ಕೆ ಅದು ಒಗ್ಗುವುದಿಲ್ಲ.

ಇವೆಲ್ಲ ಯಾರೋ ಲೋಭಿಗಳ ಕೃತ್ಯವೆಂದು ನಾವು ನಿಟ್ಟುಸಿರುಬಿಟ್ಟು ಸುಮ್ಮನಾಗುವಂತಿಲ್ಲ. ನಮ್ಮ ಮನೆಗಳಲ್ಲಿ, ನಮ್ಮ ಹೋಟೆಲುಗಳಲ್ಲಿ ನಾವೇ ಏರಿಸುವ ಭಾರದ ಲೆಕ್ಕವನ್ನೂ ನೋಡಬೇಕು. 50 ಕಿಲೊದ ಅಕ್ಕಿ ಚೀಲಗಳನ್ನು ಮಾಳಿಗೆಯ ಉಗ್ರಾಣದಲ್ಲಿ ನಾಲ್ಕು ನಾಲ್ಕಾಗಿ ಪೇರಿಸಿದರೆ ಒಂದು ಚದರ ಮೀಟರಿನಲ್ಲಿ ಎಂಟು ಚೀಲ ಕೂರುತ್ತವೆ, ಎಂದರೆ 400 ಕಿಲೊ. ವಾಸದ ಕೋಣೆಗೆಂದು ಕಟ್ಟಿದ ನೆಲಕ್ಕೆ ಇದು ಇಮ್ಮಡಿ ಭಾರ. ಬಾಲ್ಕನಿಯನ್ನು ಮುಚ್ಚಿ ಅಡುಗೆಮನೆಗೆ ಸೇರಿಸಿ, ಅದರ ತುದಿಯಲ್ಲಿ 200 ಲೀಟರಿನ ನೀರಿನ ಪೀಪಾಯಿಯನ್ನು ಇಡುತ್ತೇವೆ. ಬಾಲ್ಕನಿಗೆ ಒಂದೇ ಕಡೆ ಆಧಾರ. ಭಾರ ತುದಿಗೆ ಸರಿದಷ್ಟೂ ಬುಡದ ಮೇಲಿನ ಹಿಡಿತ ಹೆಚ್ಚು ಸೊರಗುತ್ತದೆ. ತಾರಸಿ ಸೋರಿತೆಂದು ಹಳೆಯ ಪದರವನ್ನು ಕೀಳದೆಯೇ ಅದರ ಮೇಲೆ ಇನ್ನೊಂದು ಸಲ ಬ್ರಿಕ್‌ಬ್ಯಾಟ್ ಕೋಬಾ ಹಾಕಿಸುತ್ತೇವೆ. ಅಂಥ 10 ಸೆಂಟಿಮೀಟರ್ ಪದರದ ತೂಕ ಚದರ ಮೀಟರಿಗೆ ಸುಮಾರು 200 ಕಿಲೊ. ಮನೆಯೊಳಗೆ ಜನರಿಗೂ ಸಾಮಾನಿಗೂ ಸಂಹಿತೆಯು ಕೊಟ್ಟಿರುವ ಇಡೀ ಭಾರವನ್ನು ನಾವು ಸದ್ದಿಲ್ಲದೆ ತಾರಸಿಯ ಮೇಲೆ ಶಾಶ್ವತವಾಗಿ ಹೇರಿದಂತಾಯಿತು.

2018ರ ಜುಲೈ 3ರಂದು ಅಂಧೇರಿಯ ಗೋಖಲೆ ಸೇತುವೆಯ ಕಾಲುದಾರಿಯ ಭಾಗ ರೈಲು ಹಳಿಗಳ ಮೇಲೆ ಬಿದ್ದುದು ನಿಮಗೆ ನೆನಪಿರಬಹುದು. ಆ ಕಾಲುದಾರಿಯೂ ಮೂಲಸೇತುವೆಯಿಂದ ಹೊರಕ್ಕೆ ಚಾಚಿಕೊಂಡಿದ್ದೇ. ವರ್ಷವರ್ಷವೂ ಅದರ ಮೇಲೆ ಕೇಬಲುಗಳೂ ಹಾಸುಕಲ್ಲುಗಳೂ ಸೇರುತ್ತ ಬಂದಿದ್ದವು; ಕೆಳಗೆ ಕಬ್ಬಿಣ ತುಕ್ಕು ತಿನ್ನುತ್ತಿತ್ತು. ಮೇಲೆ ಭಾರ ಬೆಳೆಯಿತು, ಕೆಳಗೆ ಶಕ್ತಿ ಕುಂದಿತು. ಎರಡೂ ಗೆರೆಗಳು ಸಂಧಿಸಿದ ದಿನ ಅದು ಬಿತ್ತು.

ಆ ತುಕ್ಕಿನ ವಿಚಾರವನ್ನು ಸ್ವಲ್ಪ ವಿವರಿಸುತ್ತೇನೆ. ಮುಂಬಯಿಯಲ್ಲಿ ಕಟ್ಟಡಗಳ ಬಹುದೊಡ್ಡ ವ್ಯಾಧಿ ಅದೇ. ಹೊಸ ಕಾಂಕ್ರೀಟಿನಲ್ಲಿ ಕ್ಷಾರದ ಗುಣವಿದೆ. ಆ ಕ್ಷಾರವು ಒಳಗಿನ ಉಕ್ಕಿಗೆ ಕವಚದಂತೆ ಕಾವಲಿರುತ್ತದೆ. ಕಾಲಕ್ರಮದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡು ಒಳಗಿಳಿದು ಆ ಕ್ಷಾರವನ್ನು ಕುಂದಿಸುತ್ತದೆ. ಕಡಲ ಗಾಳಿಯ ಉಪ್ಪು, ಸರಿಯಾಗಿ ತೊಳೆಯದ ಖಾಡಿಯ ಮರಳಿನ ಉಪ್ಪು ಆ ಕವಚವನ್ನು ಇನ್ನೂ ಬೇಗ ಭೇದಿಸುತ್ತವೆ. ಮಳೆಯ ನೀರೋ ಬಚ್ಚಲ ಸೋರಿಕೆಯೋ ಜೊತೆಗೂಡಿದರೆ ಉಕ್ಕು ತುಕ್ಕಾಗುತ್ತದೆ. ತುಕ್ಕು ಮೂಲ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ; ಆ ಜಾಗಕ್ಕಾಗಿ ಅದು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಸರಳಿನ ಉದ್ದಕ್ಕೂ ನೇರವಾಗಿ ಸಾಗುವ ಬಿರುಕು, ಮೇಲ್ಛಾವಣಿಯಿಂದ ಉದುರುವ ಚಕ್ಕೆ, ಕಂದುಬಣ್ಣದ ಕಲೆ, ಬಡಿದರೆ ಬರುವ ಟೊಳ್ಳು ಸದ್ದು ಇವು ಅದರ ಲಕ್ಷಣಗಳು. ದೀಪಾವಳಿಗೆ ಮುನ್ನ ಅದರ ಮೇಲೆ ಸಿಮೆಂಟು ಮೆತ್ತಿ ಸುಣ್ಣಬಣ್ಣ ಬಳಿದರೆ ಲಕ್ಷಣ ಮುಚ್ಚಿಹೋಗುತ್ತದೆ, ರೋಗ ಒಳಗೊಳಗೇ ಮುಂದುವರಿಯುತ್ತದೆ.

ಊರಿನಲ್ಲಿ ನಮ್ಮ ಅಜ್ಜಂದಿರು ಮಳೆಯ ನೀರು ಒಂದು ಕ್ಷಣವೂ ನಿಲ್ಲದಂತೆ ಮನೆಯ ಮಾಡನ್ನು ಇಳಿಜಾರಾಗಿಸಿ ಹಂಚು ಹೊದಿಸುತ್ತಿದ್ದರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಹೆಸರಾದ ಆ ಮಂಗಳೂರು ಹಂಚು ಮುಂಬಯಿಯ ಮಾಡುಗಳಿಗೂ ಬಂದಿತ್ತು. ಕರಾವಳಿಯ ಮಳೆಯನ್ನೇ ಹೋಲುವ ಮಳೆ ಸುರಿಯುವ ಈ ನಗರದಲ್ಲಿ, 2005ರ ಜುಲೈ 26ರಂದು ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ದಾಖಲಾದ ಈ ನಗರದಲ್ಲಿ, ನಾವೀಗ ಚಪ್ಪಟೆ ತಾರಸಿಗಳ ಕೆಳಗೆ ಬದುಕುತ್ತಿದ್ದೇವೆ. ತಾರಸಿಯ ನೀರುಗಂಡಿಯಲ್ಲಿ ಕಸ ಕಟ್ಟಿಕೊಂಡು 10 ಸೆಂಟಿಮೀಟರ್ ನೀರು ನಿಂತರೂ ಅದು ಚದರ ಮೀಟರಿಗೆ 100 ಕಿಲೊ ಭಾರ. ಮಳೆಗಾಲಕ್ಕೆ ಮುಂಚೆ ಆ ಗಂಡಿಯನ್ನು ತೆರವು ಮಾಡುವುದಕ್ಕೆ ಯಾವ ಇಂಜಿನಿಯರನೂ ಬೇಕಿಲ್ಲ.

ಇನ್ನು ಗಾಳಿ. ಕಟ್ಟಡ ಲೆಕ್ಕಕ್ಕೆ ಮುಂಬಯಿಗೆ ಗೊತ್ತುಪಡಿಸಿರುವ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್, ಬೆಂಗಳೂರಿಗೆ 33. ಗಾಳಿಯ ಒತ್ತಡ ವೇಗದ ವರ್ಗದಂತೆ ಬೆಳೆಯುವುದರಿಂದ, ಒಂದೇ ಗೋಡೆಯ ಮೇಲೆ ಇಲ್ಲಿ ಬೀಳಬಹುದಾದ ಒತ್ತಡ ಅಲ್ಲಿನದಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು. 2024ರ ಮೇ 13ರ ಬಿರುಗಾಳಿಗೆ ಘಾಟ್ಕೋಪರಿನ ಪೆಟ್ರೋಲ್ ಪಂಪಿನ ಮೇಲೆ ಉರುಳಿದ ಜಾಹೀರಾತು ಫಲಕ 120 ಅಡಿ ಉದ್ದ, 120 ಅಡಿ ಅಗಲದ್ದು. ಮಹಾನಗರಪಾಲಿಕೆ ಒಪ್ಪುತ್ತಿದ್ದ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಬದಿ ಮೂರು ಪಟ್ಟಾದರೆ ಮೈ ಒಂಬತ್ತು ಪಟ್ಟು, ಗಾಳಿಯ ನೂಕೂ ಒಂಬತ್ತು ಪಟ್ಟು. ಅಷ್ಟಲ್ಲದೆ ಆ ನೂಕು ಹೆಚ್ಚು ಎತ್ತರದಲ್ಲಿ ಬೀಳುವುದರಿಂದ ಬುಡವನ್ನು ಮಗುಚುವ ಪರಿಣಾಮ ಇನ್ನೂ ಹೆಚ್ಚು. ಅಂಥ ಫಲಕಕ್ಕೆ ಅದಕ್ಕೆ ತಕ್ಕ ಆಳದ ತಳಪಾಯ ಬೇಕು. ಅಂದು 17 ಜೀವಗಳು ಹೋದವು. ಮಳೆಯಿಂದ ಮರೆಗೆಂದು ನಿಂತವರೂ ಅವರಲ್ಲಿದ್ದರು.

ಈವರೆಗೆ ಪ್ರಕೃತಿಯ ಬಲಗಳ ಮಾತಾಯಿತು. ಆದರೆ ಮುಂಬಯಿಯ ಕಟ್ಟಡಗಳನ್ನು ಶಿಥಿಲಗೊಳಿಸಿದ ಇನ್ನೊಂದು ಬಲವನ್ನು ಹೇಳದಿದ್ದರೆ ಈ ಉಪನ್ಯಾಸ ಅರ್ಧವಾಗುತ್ತದೆ. 1947ರ ಬಾಡಿಗೆ ನಿಯಂತ್ರಣ ಕಾನೂನು ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಆ ಕಾನೂನು ಇಲ್ಲದಿರುತ್ತಿದ್ದರೆ ಗಿರಣಿ ಕಾರ್ಮಿಕನೂ ಹೋಟೆಲಿನ ಮಾಣಿಯೂ ಈ ನಗರದಲ್ಲಿ ತಳವೂರಲು ಆಗುತ್ತಿರಲಿಲ್ಲ. ನಮ್ಮಲ್ಲಿ ಎಷ್ಟೋ ಮನೆತನಗಳು ಅದರ ನೆರಳಲ್ಲೇ ಬೆಳೆದವು. ಆದರೆ ಅದೇ ಕಾನೂನಿನಿಂದಾಗಿ, ಬಂದ ಬಾಡಿಗೆ ಒಂದು ಸುಣ್ಣದ ಹೊಡೆತಕ್ಕೂ ಸಾಲದೆಂದು ಮಾಲಕನು ದುರಸ್ತಿಯನ್ನೇ ಬಿಟ್ಟನು. ಪಗಡಿ ಕೊಟ್ಟು ಬಂದವನು, ಇದು ನನ್ನ ಕಟ್ಟಡವಲ್ಲವೆಂದು ತಾನೂ ಖರ್ಚು ಮಾಡಲಿಲ್ಲ. ಭಾರ ಹೊರುವವರಿಬ್ಬರೂ ಕೈಬಿಟ್ಟರು. 1969ರಲ್ಲಿ ಸರಕಾರವು ದುರಸ್ತಿ ಮಂಡಳಿಯ ಕಾನೂನನ್ನು ತಂದು ಉಪಕರವನ್ನು ವಿಧಿಸಿದಾಗ, ಅದರ ವ್ಯಾಪ್ತಿಗೆ ಬಂದ ದ್ವೀಪನಗರದ ಹಳೆಯ ಕಟ್ಟಡಗಳು 19,642. ಅವುಗಳಲ್ಲಿ ಸಾವಿರಾರು ಕಟ್ಟಡಗಳು ಇಂದಿಗೂ ಹಾಗೆಯೇ ನಿಂತಿವೆ; ಎಷ್ಟೋ ಕಡೆ ಹೊರಗಿನಿಂದ ಕೊಟ್ಟ ಟೇಕುಗಳ ಬಲದಿಂದ.

2017ರ ಆಗಸ್ಟ್ 31ರಂದು ಭೆಂಡಿ ಬಜಾರಿನಲ್ಲಿ ಕುಸಿದ ಹುಸೈನಿ ಕಟ್ಟಡ ಅಪಾಯಕಾರಿಯೆಂದು 2011ರಲ್ಲಿಯೇ ತೀರ್ಮಾನವಾಗಿತ್ತು. ಅನೇಕ ಕುಟುಂಬಗಳು ಬೇರೆಡೆಗೆ ಹೋಗಿದ್ದವು, ಉಳಿದವರಿದ್ದರು. 33 ಮಂದಿ ಸತ್ತರು. ಅಪಾಯ ತಿಳಿದೂ ಜನ ಏಕೆ ಬಿಡುವುದಿಲ್ಲ ಎಂದು ಹೊರಗಿನವರು ಕೇಳುತ್ತಾರೆ. ಚಾಳಿನಲ್ಲಿ ಬದುಕಿದ ಯಾರಿಗೂ ಆ ಪ್ರಶ್ನೆ ಬೇಡ. ಒಮ್ಮೆ ಬಿಟ್ಟು ಸಂಕ್ರಮಣ ಶಿಬಿರಕ್ಕೆ ಹೋದರೆ ಮರಳಿ ಬರುವುದು ಯಾವಾಗ, ಬಂದರೂ ಹೆಸರು ಪಟ್ಟಿಯಲ್ಲಿರುವುದೆ, ಮಕ್ಕಳ ಶಾಲೆಯೇನು, ಕೆಲಸಕ್ಕೆ ಹೋಗುವ ದೂರವೆಷ್ಟು? ತಲೆಯ ಮೇಲಿನ ಮಾಡು ಬೀಳಬಹುದೆಂಬ ಭಯಕ್ಕಿಂತ ಮಾಡೇ ಇಲ್ಲವಾದೀತೆಂಬ ಭಯ ದೊಡ್ಡದು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆದರೆ ಕೆಲವು ಸಂಗತಿಗಳನ್ನು ನಮ್ಮವರು ತಿಳಿದಿರಬೇಕು. ಕಟ್ಟಡ ನಾಶವಾದ ಮಾತ್ರಕ್ಕೆ ಬಾಡಿಗೆದಾರನ ಹಕ್ಕು ಅಳಿಯುವುದಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆದ್ದರಿಂದ ತೆರವು ಮಾಡುವ ಮುನ್ನ ಪ್ರತಿಯೊಂದು ಮನೆಯ ಅಳತೆ, ವಾಸಿಗಳ ಹೆಸರು ಕಾಗದದ ಮೇಲೆ ದಾಖಲಾಗುವಂತೆ ಪಟ್ಟುಹಿಡಿಯಿರಿ. ಅದರ ಪ್ರತಿಯನ್ನು ಇಟ್ಟುಕೊಳ್ಳಿ. 30 ವರ್ಷ ದಾಟಿದ ಕಟ್ಟಡಕ್ಕೆ ನೋಂದಾಯಿತ ಇಂಜಿನಿಯರನಿಂದ ಸ್ಥಿರತೆಯ ಪ್ರಮಾಣಪತ್ರ ಪಡೆಯಬೇಕೆಂಬುದು ಮುಂಬಯಿಯಲ್ಲಿ ಕಾನೂನು. ಸಹಕಾರಿ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ನಡೆಯಬೇಕು. ವರದಿಯಲ್ಲಿ ಸಿ-1 ಎಂದಿದ್ದರೆ ಕೂಡಲೇ ತೆರವು ಮಾಡಿ ಕೆಡವಬೇಕಾದ ಕಟ್ಟಡ. ಸಿ-2ಎ ಎಂದಿದ್ದರೆ ಭಾಗಶಃ ಖಾಲಿಮಾಡಿ ದೊಡ್ಡ ದುರಸ್ತಿ. ಸಿ-2ಬಿ ಎಂದಿದ್ದರೆ ಖಾಲಿಮಾಡದೆ ದುರಸ್ತಿ. ಸಿ-3 ಎಂದಿದ್ದರೆ ಸಣ್ಣಪುಟ್ಟ ಕೆಲಸ.

ಹಾಗೆಂದು ಕಾಗದವೊಂದೇ ನಮ್ಮನ್ನು ಕಾಯದು. 2019ರ ಮಾರ್ಚ್ 14ರ ಸಂಜೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಪಕ್ಕದಲ್ಲಿ ಕುಸಿದು ಜೀವಗಳನ್ನು ಬಲಿತೆಗೆದುಕೊಂಡ ಕಾಲುಸೇತುವೆಗೆ, ಸಣ್ಣ ದುರಸ್ತಿಗಳು ಸಾಕೆಂಬ ಪರೀಕ್ಷಾ ವರದಿ ಇತ್ತು. ಆಡಿಟ್ ಎಂದರೆ ಗೋಡೆಯನ್ನು ಹೊರಗಿನಿಂದ ನೋಡಿ ಛಾಯಾಚಿತ್ರ ತೆಗೆಯುವುದಲ್ಲ. ಕಾಂಕ್ರೀಟಿನ ಗಟ್ಟಿತನವನ್ನು ಉಪಕರಣದಿಂದ ಅಳೆದರೆ? ಸರಳಿನ ತುಕ್ಕನ್ನು ಪರೀಕ್ಷಿಸಿದರೆ? ಎಲ್ಲ ಮನೆಗಳ ಒಳಗೂ ಹೋಗಿ ನೋಡಿದರೆ? ಸೊಸೈಟಿಯ ಮಹಾಸಭೆಯಲ್ಲಿ ಎದ್ದುನಿಂತು ಈ ಮೂರು ಪ್ರಶ್ನೆಗಳನ್ನು ಕೇಳಲು ಪ್ರತಿಯೊಬ್ಬ ಸದಸ್ಯನಿಗೂ ಅಧಿಕಾರವಿದೆ. ದುರಸ್ತಿ ನಿಧಿಗೆ ಹಣ ಕೇಳಿದಾಗ ಮುಂದೂಡುವ ಮಾತನಾಡುವವರಲ್ಲಿ ನಮ್ಮವರೂ ಇರುವುದನ್ನು ಅನೇಕ ಸಭೆಗಳಲ್ಲಿ ನಾನು ಕಂಡಿದ್ದೇನೆ. ತಡಮಾಡಿದ ದುರಸ್ತಿಯ ವೆಚ್ಚ ಪ್ರತಿ ಮಳೆಗಾಲವೂ ಬೆಳೆಯುತ್ತದೆ.

ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಒಂದು ಉಪನಗರದ ಹಳೆಯ ಕಟ್ಟಡದ ಪರೀಕ್ಷೆಗೆ ಹೋಗಿದ್ದಾಗ, ಮೂರನೆಯ ಮಹಡಿಯಲ್ಲಿ ಒಬ್ಬರೇ ವಾಸವಾಗಿದ್ದ ಉಡುಪಿ ಕಡೆಯ ವೃದ್ಧೆಯೊಬ್ಬರು ನಾನು ಕನ್ನಡದವನೆಂದು ತಿಳಿದು ದೇವರ ಗೂಡಿನಿಂದ ಮಡಿಸಿಟ್ಟ ಕಾಗದವೊಂದನ್ನು ತಂದುಕೊಟ್ಟರು. "ಇದರಲ್ಲಿ ಎಂತ ಬರೆದಿದ್ದಾರೆ ಮಗಾ? ನನಗೆ ಮರಾಠಿ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ" ಎಂದರು. ಅದು ಕಟ್ಟಡವನ್ನು ತೆರವು ಮಾಡಬೇಕೆಂಬ ನೋಟೀಸು. ಬಂದು ಏಳು ತಿಂಗಳಾಗಿತ್ತು. ಅದರ ಜೊತೆಗಿದ್ದ ಪರೀಕ್ಷಾ ವರದಿ ಇಂಗ್ಲಿಷಿನಲ್ಲಿತ್ತು. ತಮ್ಮ ತಲೆಯ ಮೇಲಿನ ಸ್ಲ್ಯಾಬಿನ ಸ್ಥಿತಿಯನ್ನು ಆ ತಾಯಿ ಎರಡು ಭಾಷೆಗಳ ಕಾಗದಗಳ ನಡುವೆ ಏಳು ತಿಂಗಳು ಅರಿಯದೆಯೇ ಕಳೆದಿದ್ದರು. ನಾನು ಕನ್ನಡದಲ್ಲಿ ಓದಿಹೇಳಿದೆ. ಅವರು ಕೇಳಿದ ಪ್ರಶ್ನೆಗಳು ಯಾವ ಇಂಜಿನಿಯರನೂ ನಾಚುವಂತಿರಲಿಲ್ಲ: ಯಾವ ಕಂಬ, ಎಷ್ಟು ದಿನ, ಅಷ್ಟರವರೆಗೆ ಯಾವ ಕೋಣೆಯಲ್ಲಿ ಮಲಗಬೇಕು? ತಿಳಿದ ಭಾಷೆಯಲ್ಲಿ ಹೇಳಿದರೆ ಸಾಮಾನ್ಯ ಜನ ಎಲ್ಲವನ್ನೂ ಅರ್ಥಮಾಡಿಕೊಳ್ಳುತ್ತಾರೆ.

ಆದ್ದರಿಂದ ಸಂಘದ ಮುಂದೆ ನನ್ನದೊಂದು ಸಣ್ಣ ಬೇಡಿಕೆಯಿದೆ. ನಮ್ಮ ಸದಸ್ಯರಲ್ಲಿ ಇಂಜಿನಿಯರರಿದ್ದಾರೆ, ವಕೀಲರಿದ್ದಾರೆ, ಪಾಲಿಕೆಯಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ ಕಾಲ ಈ ಸಭಾಗೃಹದಲ್ಲಿ ಇಬ್ಬರು ಕುಳಿತು, ನೋಟೀಸನ್ನೋ ಆಡಿಟ್ ವರದಿಯನ್ನೋ ಹಿಡಿದು ಬಂದ ನಮ್ಮ ಹಿರಿಯರಿಗೆ ಅದನ್ನು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಓದಿ ವಿವರಿಸಲಿ. ಪುಣೆ, ಸೂರತ್, ಚೆನ್ನೈಗಳಲ್ಲಿ ಈ ಪತ್ರಿಕೆಯನ್ನು ಓದುವ ಬಂಧುಗಳಿಗೂ ಇದೇ ಮಾತು. ಅಲ್ಲಿನ ಕಾನೂನು ಬೇರೆಯಿರಬಹುದು, ಕಂಬ ತೊಲೆಗಳ ಕಾನೂನು ಎಲ್ಲೆಡೆಯೂ ಒಂದೇ. ಮೊದಲ ಭಾನುವಾರಕ್ಕೆ ನಾನು ಬರುತ್ತೇನೆ. ಇಂದು ಮನೆಗೆ ಹೋದ ಮೇಲೆ ನೀವೂ ಒಂದು ಕೆಲಸ ಮಾಡಿ: ನೆಲಮಹಡಿಗೆ ಇಳಿದು, ನಿಮ್ಮ ಕಟ್ಟಡದ ಕಂಬಗಳನ್ನು ಒಂದೊಂದಾಗಿ ಸುತ್ತಿ ನೋಡಿ ಬನ್ನಿ. ಬಿರುಕು ಕಂಡರೆ, ಕಂಬವೊಂದು ಕಪಾಟಿನ ಹಿಂದೆ ಮರೆಯಾಗಿದ್ದರೆ ಅದನ್ನು ಬರೆದುಕೊಂಡು ತನ್ನಿ.